ಹೊಸ ಹ್ಯಾಂಡಲ್ ತರೋಕೆ ಮುಂಚೆ ಬಾಗಿಲನ್ನ ಸರಿಯಾಗಿ ನೋಡಿ: ಹ್ಯಾಂಡಲ್, ಲ್ಯಾಚ್ ದೋಷ ಹುಡುಕೋ ಕ್ರಮ

ಹ್ಯಾಂಡಲ್ ಜೋತು ಬಿದ್ದಿದೆ, ಲ್ಯಾಚ್ (ಬಾಗಿಲ ಅಂಚಿಂದ ಹೊರಗೆ ಚಾಚಿ ಚೌಕಟ್ಟಿಗೆ ಸಿಕ್ಕಿಕೊಳ್ಳೋ ನಾಲಿಗೆ) ಕೂರ್ತಿಲ್ಲ, ಬಾಗಿಲನ್ನ ಎತ್ತಿ ಒತ್ತಿ ಹಿಡಿದ್ರೇನೇ ಬೀಗ ಬೀಳೋದು ಅನ್ನೋ ಸ್ಥಿತಿ ಬಂದಾಗ ಹೆಚ್ಚಿನವರು ಮಾಡೋದು ಒಂದೇ, ಸೀದಾ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹೊಸ ಹ್ಯಾಂಡಲ್ ಸೆಟ್ ತಂದು ಹಾಕಿಸ್ತಾರೆ, ಒಂದು ವಾರ ಚೆನ್ನಾಗಿರತ್ತೆ, ಆಮೇಲೆ ಮತ್ತೆ ಅದೇ ರಾಗ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಯಾಕಂದ್ರೆ ತೊಂದ್ರೆ ಕೈಗೆ ಸಿಗೋದು ಹ್ಯಾಂಡಲ್‌ನಲ್ಲಿ, ಆದ್ರೆ ಅದು ಹುಟ್ಟಿರೋದು ಬಹಳ ಸಲ ಬಾಗಿಲಿನ ಮೇಲಿನ ಹಿಂಜ್‌ನಲ್ಲೋ, ಚೌಕಟ್ಟಲ್ಲಿ ಲ್ಯಾಚ್ ಹೋಗಿ ಕೂರೋ ಪ್ಲೇಟ್‌ನಲ್ಲೋ, ಇಲ್ಲಾ ಮಳೆಗಾಲಕ್ಕೆ ಉಬ್ಬಿಕೊಂಡಿರೋ ಮರದಲ್ಲೋ ಆಗಿರತ್ತೆ. ಅದಕ್ಕೇ ಹೇಳೋದು, ಪರ್ಸ್ ತೆಗೆಯೋಕೆ ಮುಂಚೆ ಸ್ಕ್ರೂಡ್ರೈವರ್ ತೆಗೀರಿ.

ದೋಷ ಇರೋಕೆ ನಾಲ್ಕೇ ಜಾಗ. ಕೈಯಲ್ಲಿ ಹಿಡಿಯೋ ಹ್ಯಾಂಡಲ್, ಎರಡೂ ಕಡೆ ಹ್ಯಾಂಡಲ್‌ನ ಸೇರಿಸೋ ಚೌಕ ಕಂಬಿ ಅಂದ್ರೆ ಸ್ಪಿಂಡಲ್, ಬಾಗಿಲ ಹೊಟ್ಟೆಯೊಳಗೆ ಕೂತಿರೋ ಲಾಕ್ ಬಾಡಿ, ಕೊನೇದು ಬಾಗಿಲು ಮತ್ತೆ ಚೌಕಟ್ಟು. ಈ ನಾಲ್ಕರಲ್ಲಿ ಯಾವುದು ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

ಮೊದಲ ಪರೀಕ್ಷೆ: ಬಾಗಿಲು ತೆರೆದಿಟ್ಟು ನೋಡೋದು

ಬಾಗಿಲನ್ನ ಪೂರ್ತಿ ತೆರೆದು ಅಲ್ಲಾಡದ ಹಾಗೆ ಕೆಳಗೆ ಏನಾದ್ರೂ ಒತ್ತುಕೊಟ್ಟು ನಿಲ್ಲಿಸಿ. ಈಗ ಹ್ಯಾಂಡಲ್ ನಿಧಾನಕ್ಕೆ ಕೆಳಗೆ ಒತ್ತಿ, ಕಣ್ಣು ಮಾತ್ರ ಬಾಗಿಲ ಅಂಚಿನ ಮೇಲೆ ಇರ್ಲಿ. ಲ್ಯಾಚ್ ನಾಲಿಗೆ ಅಂಚಿನ ಪಟ್ಟಿಗೆ ಸಮ ಆಗೋವರೆಗೂ ಒಳಗೆ ಹೋಗ್ತಿದ್ಯಾ ನೋಡಿ, ಬಿಟ್ಟ ತಕ್ಷಣ ಟಕ್ ಅಂತ ಪೂರ್ತಿ ಹೊರಗೆ ಬರ್ತಿದ್ಯಾ ನೋಡಿ, ಹ್ಯಾಂಡಲ್ ತಾನಾಗೇ ನೇರಕ್ಕೆ ವಾಪಸ್ ಬರ್ತಿದ್ಯಾ ಅದನ್ನೂ ನೋಡಿ. ಇದನ್ನೇ ಬಾಗಿಲ ಇನ್ನೊಂದು ಕಡೆಯಿಂದ್ಲೂ ಮಾಡಿ. ಆಮೇಲೆ ಬೆರಳಲ್ಲಿ ನಾಲಿಗೆನ ಒಳಗೆ ತಳ್ಳಿ ಬಿಡಿ, ಎಲ್ಲೂ ಕಚ್ಚಿಕೊಳ್ಳಬಾರದು. ಕೊನೆಗೆ ಕೀ ಹಾಕಿ ಡೆಡ್ ಬೋಲ್ಟ್, ಅಂದ್ರೆ ಕೀ ತಿರುಗಿಸಿದಾಗ ಹೊರಗೆ ಬರೋ ಗಟ್ಟಿ ಬೋಲ್ಟ್, ಪೂರ್ತಿ ಹೊರಗೆ ತನ್ನಿ, ಎರಡು ಸುತ್ತಿನ ಲಾಕ್ ಆದ್ರೆ ಎರಡೂ ಸುತ್ತು ತಿರುಗಿಸಿ.

ತೆರೆದಿಟ್ಟಾಗ ಇಷ್ಟೂ ಸಲೀಸಾಗಿ ನಡೆದು, ಬಾಗಿಲು ಹಾಕಿದಾಗ ಮಾತ್ರ ರಗಳೆ ಮಾಡಿದ್ರೆ ಹ್ಯಾಂಡಲ್‌ಗೂ ಲಾಕ್‌ಗೂ ಏನೂ ಆಗಿಲ್ಲ, ಬಾಗಿಲೋ ಚೌಕಟ್ಟೋ ಜಾಗ ಬಿಟ್ಟಿದೆ. ತೆರೆದಿಟ್ಟಾಗ್ಲೂ ತೊಂದ್ರೆ ಇದ್ರೆ ಆಗ ಹ್ಯಾಂಡಲ್, ಸ್ಪಿಂಡಲ್, ಲಾಕ್ ಬಾಡಿ ಕಡೆ ಹೋಗೋಣ. ಈ ಒಂದು ಪರೀಕ್ಷೆಗೆ ಎರಡು ನಿಮಿಷ ಸಾಕು, ಆದ್ರೆ ಮನೆಗೆ ಬಂದ ಮೆಕ್ಯಾನಿಕ್‌ಗಳೂ ಎಷ್ಟೋ ಸಲ ಇದನ್ನ ಮಾಡದೆ ನೇರ "ಸಾರ್ ಇದು ಹೋಗಿದೆ, ಹೊಸದು ಹಾಕ್ಬೇಕು" ಅಂದುಬಿಡ್ತಾರೆ. ನೀವೇ ಮಾಡಿ ನೋಡಿಟ್ಟುಕೊಂಡಿದ್ರೆ ಅವರ ಹತ್ರ ಮಾತಾಡೋಕೂ ಧೈರ್ಯ ಇರತ್ತೆ.

ಹಾಕಿದಾಗ ಮಾತ್ರ ತೊಂದ್ರೆ ಇದ್ರೆ

ಬಾಗಿಲು ಹಾಕಿ ಸುತ್ತಲಿನ ಸಂದು ನೋಡಿ. ಒಂದು ರೂಪಾಯಿ ನಾಣ್ಯ ಎರಡು ಜೋಡಿಸಿದಷ್ಟು ಅಂದ್ರೆ ಸುಮಾರು 3 ಎಂಎಂ ಸಂದು ಮೇಲಿಂದ ಕೆಳಗೆ ಒಂದೇ ಸಮ ಇದ್ರೆ ಬಾಗಿಲು ಸರಿಯಾಗಿ ಕೂತಿದೆ ಅಂತ ಅರ್ಥ. ಬೀಗದ ಕಡೆ ಮೇಲ್ಗಡೆ ಚೌಕಟ್ಟಿಗೆ ತಾಗ್ತಿದೆ, ಕೆಳಗಡೆ ಸಂದು ಅಗಲ ಆಗಿದೆ, ಮೇಲಿನ ಸಂದು ಬೀಗದ ಕಡೆಗೆ ಬರ್ತಾ ಬರ್ತಾ ದೊಡ್ಡದಾಗಿದೆ ಅಂದ್ರೆ ಬಾಗಿಲು ಜಗ್ಗಿದೆ. ಜಗ್ಗಿದ ಬಾಗಿಲಲ್ಲಿ ಲ್ಯಾಚ್ ನಾಲಿಗೆ ಚೌಕಟ್ಟಿನ ತೂತಿಗಿಂತ ಕೆಳಗೆ ಇಳಿದಿರತ್ತೆ, ಅದಕ್ಕೇ ಎತ್ತಿ ಹಿಡಿದ್ರೆ ಮಾತ್ರ ಬೀಳೋದು. ಖಾತ್ರಿ ಮಾಡ್ಕೊಳ್ಳೋಕೆ ಬಾಗಿಲನ್ನ ಅರ್ಧ ತೆರೆದು, ಹ್ಯಾಂಡಲ್ ಹಿಡಿದು ಮೇಲಕ್ಕೆ ಎತ್ತಿ, ಇನ್ನೊಬ್ಬರು ಮೇಲಿನ ಹಿಂಜ್ ಹತ್ರ ಬೆರಳಿಟ್ಟು ನೋಡ್ಲಿ, ಅಲ್ಲಾಡಿದ್ರೆ ಕಳ್ಳ ಸಿಕ್ಕಿಬಿದ್ದ ಹಾಗೇ.

ಮೇಲಿನ ಹಿಂಜ್‌ನ ಸ್ಕ್ರೂ ಟೈಟ್ ಮಾಡಿದ್ರೆ ಹಿಡೀಬೇಕು. ಸುಮ್ನೆ ತಿರುಗ್ತಾನೇ ಇದ್ರೆ ಮರದ ತೂತು ದೊಡ್ಡದಾಗಿದೆ. ಸ್ಕ್ರೂ ತೆಗೆದು, ಉರಿದು ಮಿಕ್ಕಿರೋ ಊದಿನಕಡ್ಡಿಯ ಬಿದಿರು ಕಡ್ಡಿಗಳನ್ನೋ, ಮದ್ದು ಕಿತ್ತ ಬೆಂಕಿಕಡ್ಡಿಗಳನ್ನೋ ಫೆವಿಕಾಲ್‌ನಲ್ಲಿ ಅದ್ದಿ ತೂತಿಗೆ ಬಿಗಿಯಾಗಿ ತುಂಬಿ, ಹೊರಗೆ ಉಳಿದದ್ದನ್ನ ಬ್ಲೇಡಲ್ಲಿ ಕೊಯ್ದು, ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಸ್ಕ್ರೂ ಕೈಯಿಂದ್ಲೇ ಹಾಕಿ, ಡ್ರಿಲ್ ಮೆಷಿನ್ನಲ್ಲಿ ಹಾಕಬೇಡಿ, ಅದರ ರಭಸಕ್ಕೆ ಹೊಸದಾಗಿ ತುಂಬಿದ್ದು ಮತ್ತೆ ಅರೆದು ಹೋಗತ್ತೆ. ಇದರ ಬದ್ಲು ಇನ್ನೂ ಉದ್ದದ ಸ್ಕ್ರೂ, 35 ಎಂಎಂ ಇದ್ದಲ್ಲಿ 50 ಎಂಎಂ ಹಾಕಿದ್ರೂ ಆಗತ್ತೆ, ಆದ್ರೆ ಹಳೇ ಮನೆಗಳ ಹೊನ್ನೆ, ಮತ್ತಿ, ಸಾಗುವಾನಿ ಚೌಕಟ್ಟಲ್ಲಿ ಮೊದ್ಲು ಸಣ್ಣ ಬಿಟ್ ಹಾಕಿ ತೂತು ಕೊರೀರಿ, ಸ್ಕ್ರೂನ ಥ್ರೆಡ್ಡಿಗೆ ಸ್ವಲ್ಪ ಸೋಪೋ ಮೇಣದಬತ್ತಿಯೋ ಉಜ್ಜಿ, ಇಲ್ಲಾಂದ್ರೆ ಆ ಗಟ್ಟಿ ಮರದಲ್ಲಿ ಸ್ಕ್ರೂ ತಲೆ ಮುರಿದು ಒಳಗೇ ಉಳ್ಕೊಳತ್ತೆ. ಒಂದೇ ಸಲ ಮೂರೂ ಹಿಂಜ್ ಬಿಚ್ಚೋಕೆ ಹೋಗ್ಬೇಡಿ, ಒಂದೊಂದಾಗಿ ಮಾಡಿ, ಬಾಗಿಲ ಕೆಳಗೆ ಮರದ ತುಂಡೋ ಮಡಚಿದ ರಟ್ಟೋ ಕೊಟ್ಟು ಭಾರ ತಡ್ಕೊಳ್ಳೋ ಹಾಗೆ ಇಟ್ಕೊಳಿ.

ಹಿಂಜ್ ಗಟ್ಟಿ ಇದ್ರೂ ಲ್ಯಾಚ್ ಕೂರ್ತಿಲ್ಲ ಅಂದ್ರೆ ನಾಲಿಗೆ ಎಲ್ಲಿ ಹೋಗಿ ತಾಗ್ತಿದೆ ಅಂತ ಕಣ್ಣಾರೆ ನೋಡ್ಬೇಕು. ಚಿಟಿಕೆ ಕುಂಕುಮಕ್ಕೆ ಒಂದು ತೊಟ್ಟು ಎಣ್ಣೆ ಕಲಸಿ ನಾಲಿಗೆ ತುದಿಗೆ ತೆಳ್ಳಗೆ ಹಚ್ಚಿ, ಬಾಗಿಲು ಹಾಕಿ, ಹ್ಯಾಂಡಲ್ ಒತ್ತಿ ಹಿಡಿದು ತೆಗೀರಿ. ಚೌಕಟ್ಟಿನ ಪ್ಲೇಟ್ ಮೇಲೆ ಕೆಂಪು ಗುರುತು ಬಿದ್ದಿರತ್ತೆ. ಗುರುತು ತೂತಿನ ಕೆಳ ಅಂಚಿಂದ ಒಂದು ಎರಡು ಎಂಎಂ ಕೆಳಗೆ ಇದ್ರೆ ಪ್ಲೇಟ್ ಬಿಚ್ಚಿ ಅರದಲ್ಲಿ ಅಷ್ಟನ್ನ ತೇಯ್ದು ಹಾಕಿದ್ರೆ ಮುಗೀತು. ಅದಕ್ಕಿಂತ ಜಾಸ್ತಿ ಇದ್ರೆ ತೇಯೋಕೆ ಹೋಗ್ಬೇಡಿ, ಮತ್ತೆ ಹಿಂಜ್ ಕಡೆ ನೋಡಿ ಇಲ್ಲಾ ಪ್ಲೇಟನ್ನೇ ಕೆಳಗೆ ಇಳಿಸಿ. ಗುರುತು ಎತ್ತರಕ್ಕೆ ಸರಿಯಿದ್ದು ಪಕ್ಕಕ್ಕೆ ಬಿದ್ದಿದ್ರೆ, ಅಂದ್ರೆ ಬಾಗಿಲು ಪೂರ್ತಿ ಒಳಗೆ ಕೂರೋಕೆ ಮುಂಚೆನೇ ನಾಲಿಗೆ ತಡೀತಿದ್ರೆ, ಬಾಗಿಲಿಗೂ ಚೌಕಟ್ಟಿಗೂ ಮಧ್ಯೆ ಏನೋ ಅಡ್ಡ ಇದೆ. ಪೇಂಟ್ ಮೇಲೆ ಪೇಂಟ್ ಹೊಡೆದು ದಪ್ಪ ಆಗಿರೋದು, ಹೊರಗೆ ಎದ್ದಿರೋ ಮೊಳೆ ತಲೆ, ಹೊಸದಾಗಿ ಅಂಟಿಸಿದ ರಬ್ಬರ್ ಪಟ್ಟಿ, ಹಿಂಜ್‌ನ ಸ್ಕ್ರೂ ತಲೆ ಪೂರ್ತಿ ಒಳಗೆ ಹೋಗದೆ ಎದ್ದು ನಿಂತಿರೋದು, ಇಂಥವು. ಒತ್ತಿ ಹಿಡಿದ್ರೆ ಲಾಕ್ ಆಗತ್ತೆ ಅನ್ನೋ ಬಾಗಿಲುಗಳ ಕಥೆ ಬಹುಪಾಲು ಇದೇ.

ಹೊಸ ಫ್ಲಾಟ್‌ಗಳಲ್ಲಿ ಇನ್ನೊಂದು ತೊಂದ್ರೆ ಪದೇ ಪದೇ ಕಾಣತ್ತೆ. ಕೀ ಒಂದು ಸುತ್ತು ತಿರುಗತ್ತೆ, ಎರಡನೇ ಸುತ್ತಿಗೆ ಹೋಗಲ್ಲ, ಅರ್ಧದಲ್ಲಿ ನಿಂತು ಕೀ ಹೊರಗೂ ಬರಲ್ಲ, ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಲಾಕೇ ಡಿಫೆಕ್ಟ್ ಅಂತ ಎಲ್ರೂ ಬೈಕೊಳ್ತಾರೆ. ಚೌಕಟ್ಟಿನ ಪ್ಲೇಟ್ ತೆಗೆದು ಹಿಂದಿನ ತೂತಿಗೆ ಪೆನ್ಸಿಲ್ ಹಾಕಿ ಆಳ ನೋಡಿ, ಡೆಡ್ ಬೋಲ್ಟ್ ಪೂರ್ತಿ ಹೊರಗೆ ಬಂದಾಗ ಎಷ್ಟು ಉದ್ದ ಇರತ್ತೋ ಅದಕ್ಕಿಂತ ನಾಲ್ಕೈದು ಎಂಎಂ ಜಾಸ್ತಿ ಆಳ ಬೇಕು. ಅರ್ಜೆಂಟಲ್ಲಿ ಉಳಿ ಹೊಡೆದು ಅರ್ಧಂಬರ್ಧ ಕೊರೆದಿರ್ತಾರೆ, ಇಲ್ಲಾ ಮರದ ಪುಡಿ, ಸಿಮೆಂಟು, ಪುಟ್ಟಿ ಹೋಗಿ ತುಂಬ್ಕೊಂಡಿರತ್ತೆ. ಕೆದಕಿ ತೆಗೆದು ಇನ್ನಷ್ಟು ಉಳಿ ಹೊಡೆದ್ರೆ ಅದೇ ಲಾಕ್ ಬೆಣ್ಣೆ ತರ ತಿರುಗತ್ತೆ.

ಮಳೆಗಾಲದ ಬಾಗಿಲು

ತೀರ್ಥಹಳ್ಳಿ, ಆಗುಂಬೆ ಕಡೆ ಇರೋರಿಗೆ, ಮಂಗಳೂರು ಉಡುಪಿಯವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಜೂನ್ ಕಳೆದು ಜುಲೈ ಬಂತು ಅಂದ್ರೆ ಬಾಗಿಲು ಚೌಕಟ್ಟನ್ನ ಕಚ್ಚಿ ಹಿಡ್ಕೊಳತ್ತೆ, ಹ್ಯಾಂಡಲ್ ಒತ್ತಿದ್ರೂ ಬರಲ್ಲ, ಆಗ ಜನ ಹ್ಯಾಂಡಲ್ ಹಿಡಿದು ಜಗ್ಗ್ತಾರೆ, ಆ ಜಗ್ಗಾಟದಲ್ಲೇ ಹ್ಯಾಂಡಲ್‌ನ ಸ್ಕ್ರೂ ಕಿತ್ತು ಬರೋದು, ಸ್ಪಿಂಡಲ್ ಸವೆಯೋದು. ಮರ ತೇವ ಕುಡಿದಾಗ ಅಗಲಕ್ಕೆ ಉಬ್ಬತ್ತೆ, ಉದ್ದಕ್ಕೆ ಹೆಚ್ಚುಕಮ್ಮಿ ಉಬ್ಬೋದೇ ಇಲ್ಲ, ಅದಕ್ಕೇ ಬೀಗದ ಕಡೆ ಅಂಚೇ ಮೊದ್ಲು ಕಚ್ಚೋದು. ಈ ಟೈಮಲ್ಲಿ ಆಚಾರ್ರನ್ನ ಕರೆಸಿ ಹತ್ತರಿ ಹೊಡೆಸೋಕೆ ಹೋಗ್ಬೇಡಿ ಅಂತ ಕೈಮುಗಿದು ಹೇಳ್ತೀನಿ. ಜುಲೈನಲ್ಲಿ ಹೆರೆದ ಬಾಗಿಲು ಮಾರ್ಚಿಗೆ ಒಣಗಿ ಕುಗ್ಗಿದಾಗ ಸಂದು ಎಷ್ಟಾಗತ್ತೆ ಅಂದ್ರೆ ಲ್ಯಾಚ್ ನಾಲಿಗೆ ಪ್ಲೇಟಿನ ತೂತನ್ನೇ ಮುಟ್ಟಲ್ಲ, ಗಾಳಿಗೆ ತಾನಾಗೇ ತೆರ್ಕೊಳತ್ತೆ. ತಾಗೋ ಜಾಗಕ್ಕೆ ಸದ್ಯಕ್ಕೆ ಮೇಣ ಉಜ್ಜಿ ದಿನ ತಳ್ಳಿ. ಮಳೆ ಮುಗಿದು ಬಾಗಿಲು ಒಣಗಿದ ಮೇಲೂ ತಾಗ್ತಿದ್ರೆ ಆಗ ಎಷ್ಟು ಬೇಕೋ ಅಷ್ಟೇ ಹೆರೆಸಿ, ಹೆರೆದ ಜಾಗಕ್ಕೆ ಅವತ್ತೇ ವಾರ್ನಿಶೋ ಪೇಂಟೋ ಹಚ್ಚಿಸಿ.

ಜೊತೆಗೆ ಬಾಗಿಲಿನ ಮೇಲಿನ ಅಂಚು, ಕೆಳಗಿನ ಅಂಚು ನೋಡಿ. ಎದುರಿಗೆ ಕಾಣಲ್ಲ ಅಂತ ಅಲ್ಲಿ ಪೇಂಟ್ ಹೊಡೆದೇ ಇರಲ್ಲ, ನೀರು ಕುಡಿಯೋದು ಅಲ್ಲಿಂದ್ಲೇ. ಸ್ಟೂಲ್ ಹತ್ತಿ ಮೇಲಿನ ಅಂಚಿಗೆ ಕೈ ಆಡಿಸಿ, ಒರಟಾಗಿ ಬರೀ ಮರ ಸಿಕ್ಕಿದ್ರೆ ಬೇಸಿಗೇಲಿ ಎರಡು ಕೋಟ್ ಹೊಡೀರಿ. ಬಾತ್‌ರೂಮಿನ ಫ್ಲಶ್ ಡೋರ್‌ಗಳು (ಎರಡೂ ಕಡೆ ಪ್ಲೈವುಡ್ ಹಾಳೆ ಅಂಟಿಸಿದ ಸಪಾಟು ಬಾಗಿಲುಗಳು) ಕೆಳಗಡೆ ಪದರ ಪದರ ಬಿಟ್ಟು ಉಬ್ಬೋದು ಇದೇ ಕಾರಣಕ್ಕೆ, ಆ ಮಟ್ಟಕ್ಕೆ ಹೋದ್ರೆ ಹ್ಯಾಂಡಲ್ ಬದಲಾಯಿಸಿ ಪ್ರಯೋಜನ ಇಲ್ಲ, ಬಾಗಿಲೇ ಬದಲಾಯಿಸ್ಬೇಕು.

ತೆರೆದಿಟ್ಟಾಗ್ಲೂ ತೊಂದ್ರೆ ಇದ್ರೆ

ಹ್ಯಾಂಡಲ್ ಒತ್ತಿದ್ರೆ ಮೊದಲ ಸ್ವಲ್ಪ ದೂರ ಖಾಲಿ ಆಡತ್ತೆ, ಆಮೇಲೆ ಲ್ಯಾಚ್ ಅಲ್ಲಾಡತ್ತೆ ಅಂದ್ರೆ ಮೊದ್ಲು ಹ್ಯಾಂಡಲ್ ಕುತ್ತಿಗೆಯ ಕೆಳಭಾಗದಲ್ಲಿ ಬೆರಳಾಡಿಸಿ, ಸಣ್ಣ ತೂತಲ್ಲಿ ತಲೆಯಿಲ್ಲದ ಸ್ಕ್ರೂ ಸಿಗತ್ತೆ. ಅದಕ್ಕೆ ಬೇಕಾಗಿರೋದು ಆಲನ್ ಕೀ, ಸಾಮಾನ್ಯವಾಗಿ 3 ಎಂಎಂ. ಅದು ಸಡಿಲ ಆಗಿ ಹ್ಯಾಂಡಲ್ ಸ್ಪಿಂಡಲ್ ಮೇಲೆ ಓಡಾಡ್ತಿರತ್ತೆ. ಟೈಟ್ ಮಾಡೋವಾಗ ಆ ಸ್ಕ್ರೂ ಸ್ಪಿಂಡಲ್‌ನ ಚಪ್ಪಟೆ ಮೈ ಮೇಲೆ ಕೂರ್ಬೇಕು, ಮೂಲೆ ಮೇಲಲ್ಲ. ಮತ್ತೆ ಮತ್ತೆ ಸಡಿಲ ಆಗ್ತಿದ್ರೆ ಬಿಚ್ಚಬಹುದಾದ ನಮೂನೆಯ ಥ್ರೆಡ್ ಅಂಟು, ನೀಲಿ ಬಣ್ಣದ್ದು, ಒಂದು ತೊಟ್ಟು ಹಾಕಿ.

ಟೈಟ್ ಮಾಡಿದ್ರೂ ಆಟ ಹೋಗ್ಲಿಲ್ವಾ, ಹ್ಯಾಂಡಲ್ ಬಿಚ್ಚಿ ಸ್ಪಿಂಡಲ್ ಹೊರಗೆ ಎಳೆದು ಬೆಳಕಲ್ಲಿ ನೋಡಿ. 8 ಎಂಎಂ ಚೌಕ ಕಂಬಿ, ಅದರ ನಾಲ್ಕು ಮೂಲೆ ಚೂಪಾಗಿರ್ಬೇಕು. ಲಾಕ್ ಒಳಗೆ ಕೂರೋ ಮಧ್ಯದ ಜಾಗದಲ್ಲಿ ಮೂಲೆ ಉರುಟಾಗಿ ಹೊಳೀತಿದ್ರೆ ಸ್ಪಿಂಡಲ್ ಸವೆದಿದೆ, ಬರೀ ಅದೊಂದು ಸಿಗತ್ತೆ, ಪೂರ್ತಿ ಸೆಟ್ ಬೇಕಿಲ್ಲ. ಸ್ಪಿಂಡಲ್ ಚೆನ್ನಾಗಿದೆ ಅಂದ್ರೆ ಟಾರ್ಚ್ ಹಾಕಿ ಲಾಕ್ ಬಾಡಿಯ ಚೌಕ ತೂತು ನೋಡಿ. ಆ ತೂತಿರೋ ತುಂಡಿಗೆ ಫಾಲೋವರ್ ಅಂತಾರೆ, ಅಗ್ಗದ ಲಾಕ್‌ಗಳಲ್ಲಿ ಅದು ಜಿಂಕ್ ಮಿಶ್ರಲೋಹದ ಎರಕ. ತೂತು ಉರುಟಾಗಿದ್ರೆ, ಒಂದು ಮೂಲೆಯಿಂದ ಕೂದಲೆಳೆ ಬಿರುಕು ಹೊರಟಿದ್ರೆ, ಟೇಪ್ ಸುತ್ತೋದು, ತಗಡು ತುರುಕೋದು ಇದ್ಯಾವುದೂ ನಿಲ್ಲಲ್ಲ, ಲಾಕ್ ಬಾಡಿ ಬದಲಾಯಿಸಿ. ಬಿರುಕು ಬಿಟ್ಟ ಫಾಲೋವರ್ ಮುರಿಯೋದು ಬಾಗಿಲು ಹಾಕಿರೋವಾಗ್ಲೇ, ಇದನ್ನ ಮುಂದೂಡೋದು ಬೇಡ.

ಹ್ಯಾಂಡಲ್ ಜೋತು ಬೀಳೋದಕ್ಕೆ ಎರಡು ಕಾರಣ, ಎರಡನ್ನೂ ಬೇರೆ ಮಾಡೋದು ಸುಲಭ. ಹ್ಯಾಂಡಲ್ ಜೋತಿದೆ ಆದ್ರೆ ಲ್ಯಾಚ್ ನಾಲಿಗೆ ಸರಿಯಾಗಿ ಹೊರಗೆ ಬರ್ತಿದೆ ಅಂದ್ರೆ ಹ್ಯಾಂಡಲ್‌ನ ಪ್ಲೇಟ್ ಒಳಗಿರೋ ಸ್ಪ್ರಿಂಗ್ ಮುರಿದಿದೆ. ನಾಲಿಗೆನೇ ಹೊರಗೆ ಬರ್ತಿಲ್ಲ, ಬೆರಳಲ್ಲಿ ಎಳೆದು ತರ್ಬೇಕು ಅಂದ್ರೆ ಲಾಕ್ ಬಾಡಿಯ ಸ್ಪ್ರಿಂಗ್ ಸತ್ತಿದೆ ಇಲ್ಲಾ ಧೂಳು ಜಿಡ್ಡು ಸೇರಿ ಗಂಟಾಗಿದೆ. ಅನುಮಾನ ಇದ್ರೆ ಎರಡೂ ಹ್ಯಾಂಡಲ್ ಕಳಚಿ ಬರೀ ಸ್ಪಿಂಡಲ್ ತೂರಿಸಿ ಪಕ್ಕಡ್‌ನಲ್ಲಿ ತಿರುಗಿಸಿ ಬಿಡಿ, ತಾನಾಗೇ ವಾಪಸ್ ಬಂದ್ರೆ ಲಾಕ್ ಬಾಡಿ ಆರೋಗ್ಯವಾಗಿದೆ, ತಪ್ಪು ಹ್ಯಾಂಡಲ್‌ದು. ಭಾರದ ದಪ್ಪ ಹ್ಯಾಂಡಲ್‌ಗಳನ್ನ ಎತ್ತಿ ಹಿಡಿಯೋ ಶಕ್ತಿ ಬರೀ ಲಾಕ್ ಸ್ಪ್ರಿಂಗ್‌ಗೆ ಇರಲ್ಲ, ಅದಕ್ಕೇ ಕೊಳ್ಳೋವಾಗ ಪ್ಲೇಟ್ ತಿರುಗಿಸಿ ಹಿಂದೆ ಸ್ಪ್ರಿಂಗ್ ಇದ್ಯಾ ಅಂತ ನೋಡಿ ತಗೊಳಿ.

ಒಂದು ಕಡೆಯಿಂದ ತೆಗೆಯತ್ತೆ ಇನ್ನೊಂದು ಕಡೆಯಿಂದ ತೆಗೆಯಲ್ಲ ಅನ್ನೋದಾದ್ರೆ ಸ್ಪಿಂಡಲ್ ಒಂದು ಕಡೆಗೆ ಜಾರಿದೆ, ಬಿಚ್ಚಿ ಎರಡೂ ಕಡೆ ಸಮ ಬರೋ ಹಾಗೆ ಕೂರಿಸಿ ಸ್ಕ್ರೂ ಬಿಗಿ ಮಾಡಿ, ಅಷ್ಟೇ.

ಪ್ಲೇಟ್ ಸಮೇತ ಹ್ಯಾಂಡಲ್ ಅಲ್ಲಾಡೋದು ಬೇರೆ. ಫ್ಲಶ್ ಡೋರ್ ಒಳಗೆ ಬೀಗ ಕೂರೋ ಜಾಗದಲ್ಲಿ ಮಾತ್ರ ಗಟ್ಟಿ ಮರದ ತುಂಡು ಕೊಟ್ಟಿರ್ತಾರೆ, ಕೆಲವದರಲ್ಲಿ ಒಂದೇ ಪಕ್ಕಕ್ಕೆ ಕೊಟ್ಟಿರ್ತಾರೆ, ಬಡಗಿ ಅದನ್ನ ನೋಡದೆ ಬಾಗಿಲು ತಿರುಗಿಸಿ ಕೂರಿಸಿದ್ರೆ ಸ್ಕ್ರೂಗೆ ಹಿಡಿತಾನೇ ಇರಲ್ಲ. ಬಾಗಿಲ ಮೈ ಮೇಲೆ ಬೆರಳಲ್ಲಿ ತಟ್ಟಿ ನೋಡಿ, ಟೊಳ್ಳು ಶಬ್ದ ಬಂದ್ರೆ ಮರದ ಸ್ಕ್ರೂ ಬಿಟ್ಟು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾದು ಹೋಗೋ ಬೋಲ್ಟ್ ಹಾಕ್ಸಿ, ಎರಡೂ ಪ್ಲೇಟ್ ಒಂದನ್ನೊಂದು ಹಿಡ್ಕೊಳತ್ತೆ.

ಕೀ ಬಿಗಿ ಅನ್ನೋ ದೂರಿಗೂ ಅದೇ ಮೊದಲ ಪರೀಕ್ಷೆ. ತೆರೆದಿಟ್ಟಾಗ ಸಲೀಸು, ಹಾಕಿದಾಗ ಬಿಗಿ ಅಂದ್ರೆ ಬೋಲ್ಟ್ ಪ್ಲೇಟಿಗೆ ತಾಗ್ತಿದೆ. ತೆರೆದಿಟ್ಟಾಗ್ಲೂ ಬಿಗಿ ಅಂದ್ರೆ ಮೊದ್ಲು ಡೂಪ್ಲಿಕೇಟ್ ಕೀ ಬಿಟ್ಟು ಲಾಕ್ ಜೊತೆ ಬಂದ ಒರಿಜಿನಲ್ ಕೀ ಹಾಕಿ ನೋಡಿ. ಅದೂ ಬಿಗಿ ಅಂದ್ರೆ ಹ್ಯಾಂಡಲ್ ಪ್ಲೇಟಿನ ಸ್ಕ್ರೂಗಳನ್ನ ಅರ್ಧ ಸುತ್ತು ಸಡಿಲಿಸಿ ನೋಡಿ, ಅತಿ ಬಿಗಿ ಮಾಡಿದ ಪ್ಲೇಟ್ ಸಿಲಿಂಡರನ್ನ, ಅಂದ್ರೆ ಕೀ ಹಾಕೋ ಭಾಗವನ್ನ, ಅದುಮಿ ಹಿಡಿದಿರತ್ತೆ, ಇದನ್ನ ಯಾರೂ ಯೋಚನೆ ಮಾಡಲ್ಲ. ಆಮೇಲೆ ಗ್ರಾಫೈಟ್ ಪುಡಿ. ಸಿಗದಿದ್ರೆ 6ಬಿ, 8ಬಿ ಪೆನ್ಸಿಲ್ ಸೀಸವನ್ನ ಕೀ ಹಲ್ಲಿಗೆ ಚೆನ್ನಾಗಿ ಉಜ್ಜಿ ಹಾಕಿ ತೆಗೆದು ಮಾಡಿ. ಕೊಬ್ಬರಿ ಎಣ್ಣೆ ದಯವಿಟ್ಟು ಬೇಡ, ಅವತ್ತು ಸಲೀಸಾಗತ್ತೆ, ಆಮೇಲೆ ಧೂಳು ಹಿಡಿದು ಅಂಟಾಗಿ ಒಳಗಿನ ಪಿನ್ನುಗಳು ಮೇಲೆ ಕೆಳಗೆ ಆಡೋದೇ ನಿಲ್ಲತ್ತೆ. ಡಬ್ಲ್ಯೂಡಿ-40 ತುಕ್ಕು ಬಿಡಿಸೋಕೆ, ನೀರು ಹೊರಹಾಕೋಕೆ ಒಳ್ಳೇದು, ಆದ್ರೆ ಅದು ಕಾಯಂ ಎಣ್ಣೆ ಅಲ್ಲ.

ಬಾತ್‌ರೂಮಿನ ಗುಂಡು ಹ್ಯಾಂಡಲ್

ಇದರ ಬಗ್ಗೆ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಬೇರೆ ಬಾಗಿಲು ತಿಂಗಳು ತಡ ಆದ್ರೂ ಪರ್ವಾಗಿಲ್ಲ, ಬಾತ್‌ರೂಮ್ ಲ್ಯಾಚ್ ಒಂದು ಸಲ ಕಚ್ಚಿಕೊಂಡ್ರೂ ಆ ದಿನವೇ ಕೈ ಹಾಕಿ. ಮನೇಲಿ ವಯಸ್ಸಾದವರು ಇದ್ರೆ, ಮಕ್ಕಳಿದ್ರೆ, ಒಳಗೆ ಸಿಕ್ಕಿಹಾಕ್ಕೊಂಡು ಗಾಬರಿ ಆಗಿ ಜಾರಿ ಬಿದ್ರೆ ಯಾವ ಬೆಲೆಯ ಲಾಕ್ ಇದ್ರೂ ಏನು ಬಂತು. ರಿಪೇರಿ ಆಗೋವರೆಗೆ ನಾಲಿಗೆನ ಒಳಗೆ ಒತ್ತಿ ಮೇಲೆ ಗಟ್ಟಿ ಟೇಪ್ ಅಂಟಿಸಿ, ಬಾಗಿಲ ಮೇಲೆ ಟವೆಲ್ ಹಾಕಿದ್ರೆ ಒಳಗೆ ಜನ ಇದ್ದಾರೆ ಅಂತ ಮನೇಲೆಲ್ಲ ಮಾತಾಡ್ಕೊಳಿ.

ಬಿಚ್ಚೋದು ಹೇಗೆ ಅಂದ್ರೆ, ಒಳಗಿನ ಗುಂಡಿನ ಕುತ್ತಿಗೆಯಲ್ಲಿ ಸಣ್ಣ ತೂತೋ ಸೀಳೋ ಇರತ್ತೆ, ಅದಕ್ಕೆ ತೆಳು ಮೊಳೆ ಇಲ್ಲಾ ಜೊತೆಗೆ ಕೊಟ್ಟ ಪಿನ್ ಒತ್ತಿ ಹಿಡಿದು ಗುಂಡನ್ನ ಎಳೆದ್ರೆ ಬರತ್ತೆ. ಅದರ ಹಿಂದಿನ ದುಂಡು ಮುಚ್ಚಳ ತೆಗೆದ್ರೆ ಎರಡು ಉದ್ದ ಸ್ಕ್ರೂ, ಅವನ್ನ ಬಿಚ್ಚಿದ್ರೆ ಎರಡೂ ಕಡೆ ಕಳಚಿಕೊಳತ್ತೆ, ಆಮೇಲೆ ಬಾಗಿಲ ಅಂಚಿನ ಎರಡು ಸ್ಕ್ರೂ ತೆಗೆದ್ರೆ ಲ್ಯಾಚ್ ಹೊರಗೆ. ನಮ್ಮ ಬಾತ್‌ರೂಮ್‌ಗಳ ತೇವಕ್ಕೆ ಮೊದ್ಲು ಸಾಯೋದು ಈ ಲ್ಯಾಚ್‌ನ ಸ್ಪ್ರಿಂಗ್. ಅದರಲ್ಲೂ ಟಾಯ್ಲೆಟ್ ತೊಳೆಯೋ ಆಸಿಡ್ ಬಾಟಲಿ ಒಳಗೇ ಇಟ್ಟಿದ್ರೆ ಅದರ ಹೊಗೆಗೆ ಸ್ಟೀಲ್ ಹ್ಯಾಂಡಲ್ ಕೂಡ ಚುಕ್ಕೆ ಚುಕ್ಕೆ ಕಂದಾಗಿ ತುಕ್ಕು ಹಿಡಿಯತ್ತೆ, ಆ ಬಾಟಲಿನ ಹೊರಗಿಡಿ.

ಹೊಸದು ಕೂರಿಸೋವಾಗ ಲ್ಯಾಚ್ ಮೊದ್ಲು ಹೋಗ್ಬೇಕು, ಇಳಿಜಾರು ಮುಖ ಬಾಗಿಲು ಮುಚ್ಚೋ ದಿಕ್ಕಿಗೆ ಇರ್ಬೇಕು. ಆಮೇಲೆ ಹೊರಗಿನ ಗುಂಡಿನ ದುಂಡು ಬಾಡಿನ ತೂರಿಸೋವಾಗ ಒಳಗೆ ಬಗ್ಗಿ ನೋಡಿ, ಲ್ಯಾಚ್‌ನ ಹಿಂಬದಿಯ ಮೇಲಿನ ಕೆಳಗಿನ ಎರಡು ಕೈಗಳು ಬಾಡಿಯ ಸೀಳಿಗೆ ಕೂರ್ಬೇಕು, ಮಧ್ಯದ ಬಾಲ ಬಾಡಿಯೊಳಗಿನ ಕೊಕ್ಕೆಗೆ ಸಿಕ್ಕಿಕೊಳ್ಬೇಕು. ಸಿಕ್ಕಿಕೊಳ್ಳದೆ ಸ್ಕ್ರೂ ಬಿಗಿ ಮಾಡಿದ್ರೆ ಗುಂಡು ತಿರುಗ್ತಾನೇ ಇರತ್ತೆ, ಲ್ಯಾಚ್ ಅಲ್ಲಾಡಲ್ಲ, ಹೊಸ ಲಾಕೇ ಹಾಳು ಅಂತ ಅಂಗಡಿಗೆ ವಾಪಸ್ ಹೋಗೋ ಸೆಟ್‌ಗಳಲ್ಲಿ ಇದೇ ತುಂಬಾ. ಅಂಚಿಂದ ತೂತಿನ ಮಧ್ಯಕ್ಕೆ 60 ಎಂಎಂ ಇದ್ಯಾ 70 ಇದ್ಯಾ ಅಳೆದು ಅದೇ ಲ್ಯಾಚ್ ತನ್ನಿ.

ಆದ್ರೆ ಬದಲಾಯಿಸೋದೇ ಆದ್ರೆ ಗುಂಡಿನ ಬದ್ಲು ಉದ್ದ ಹಿಡಿಯ ಹ್ಯಾಂಡಲ್‌ಗೆ ಹೋಗಿ ಅಂತ ನನ್ನ ಅಭಿಪ್ರಾಯ. ನಮ್ಮಮ್ಮನಿಗೆ ಬೆರಳ ಗಂಟು ನೋವು, ಒದ್ದೆ ಕೈಯಲ್ಲಿ ಗುಂಡು ತಿರುಗಿಸೋಕೆ ಆಗ್ತಾನೇ ಇರ್ಲಿಲ್ಲ, ಉದ್ದ ಹ್ಯಾಂಡಲ್ ಹಾಕಿದ ಮೇಲೆ ಮೊಣಕೈಯಲ್ಲೂ ತೆಗೀತಾರೆ. ಹೊರಗಡೆ ನಾಣ್ಯ ಹಾಕಿ ತಿರುಗಿಸೋ ಸೀಳು ಇರೋದನ್ನೇ ತನ್ನಿ, ಒಳಗೆ ಯಾರಾದ್ರೂ ಲಾಕ್ ಮಾಡ್ಕೊಂಡು ಬಿದ್ರೆ ಹೊರಗಿಂದ ತೆಗೆಯೋಕೆ ಅದೇ ಸುಲಭದ ದಾರಿ. ವಯಸ್ಸಾದವರು ಬಳಸೋ ಬಾತ್‌ರೂಮಿಗೆ ಒಳಗಡೆ ಟವರ್ ಬೋಲ್ಟ್ (ಸರಿಸಿ ಹಾಕೋ ಚಿಲಕ) ಇದ್ರೆ ಕಿತ್ತುಹಾಕಿ, ಅದನ್ನ ಹೊರಗಿಂದ ತೆಗೆಯೋಕೆ ಆಗಲ್ಲ.

ಚಿಲಕ, ಆಲ್‌ಡ್ರಾಪ್, ಟವರ್ ಬೋಲ್ಟ್‌ಗಳದ್ದು ಕಡಿಮೆ ತೊಂದ್ರೆ. ಇವು ಕೂರ್ತಿಲ್ಲ ಅಂದ್ರೆ ಹತ್ತರಲ್ಲಿ ಒಂಬತ್ತು ಪಾಲು ಬಾಗಿಲು ಜಗ್ಗಿರೋದೇ, ಹಿಂಜ್ ಸರಿ ಮಾಡಿದ್ರೆ ಇವೂ ಸರಿ. ಜೋಡಿ ಬಾಗಿಲಿನ ಕೆಳಗಿನ ಬೋಲ್ಟ್ ಇಳೀತಿಲ್ಲ ಅಂದ್ರೆ ನೆಲದ ತೂತಲ್ಲಿ ಮಣ್ಣು ತುಂಬಿದೆ, ಕೆದಕಿ ತೆಗೀರಿ.

ಅಂಗಡಿಗೆ ಹೋಗೋಕೆ ಮುಂಚೆ

ಬದಲಾಯಿಸ್ಲೇಬೇಕು ಅಂತ ಗೊತ್ತಾದ್ರೆ ಹಳೇದನ್ನ ಬಿಚ್ಚಿ ಕೈಯಲ್ಲೇ ಹಿಡ್ಕೊಂಡು ಹೋಗಿ, ಫೋಟೋ ಸಾಲಲ್ಲ. ಅಲಿಗಢದ ಲಾಕು, ರಾಜ್‌ಕೋಟಿನ ಹ್ಯಾಂಡಲ್ಲು, ಜಾಮ್‌ನಗರದ ಹಿತ್ತಾಳೆ ಸಾಮಾನು ಎಲ್ಲಾ ನಮ್ಮ ಅಂಗಡಿಗಳಲ್ಲಿ ಒಂದೇ ಶೆಲ್ಫಲ್ಲಿ ಇರತ್ತೆ, ನೋಡೋಕೆ ಒಂದೇ ತರ, ಅಳತೆ ಮಾತ್ರ ಬೇರೆ ಬೇರೆ. ಮುಖ್ಯವಾದದ್ದು ಸ್ಪಿಂಡಲ್ ಮಧ್ಯದಿಂದ ಕೀ ತೂತಿನ ಸಿಲಿಂಡರ್ ಮಧ್ಯಕ್ಕೆ ಇರೋ ದೂರ. ನಮ್ಮಲ್ಲಿ 85 ಎಂಎಂ ಜಾಸ್ತಿ, 72ರದ್ದೂ ಇದೆ, ಇದು ತಪ್ಪಿದ್ರೆ ಪ್ಲೇಟ್ ಕೂರೋದೇ ಇಲ್ಲ. ಎರಡನೇದು ಬಾಗಿಲ ಅಂಚಿಂದ ಸ್ಪಿಂಡಲ್ ಮಧ್ಯಕ್ಕೆ ಎಷ್ಟು ಅಂತ, 45, 50, 55, 60 ಹೀಗೆ ಬರತ್ತೆ. ಅಂಚಿನ ಪಟ್ಟಿಯ ಉದ್ದ ಅಗಲ, ಬಾಗಿಲ ದಪ್ಪ ಬರ್ಕೊಳಿ. ಹಳೇ ಪ್ಲೇಟಿಗಿಂತ ಹೊಸ ಪ್ಲೇಟ್ ಚಿಕ್ಕದಾದ್ರೆ ಹಳೇ ತೂತು, ಪಾಲಿಶ್ ಇಲ್ಲದ ಮರ ಹೊರಗೆ ಕಾಣತ್ತೆ, ಅದೂ ನೆನಪಿರ್ಲಿ. ಸಿಲಿಂಡರ್ ಮಾತ್ರ ಬೇಕಿದ್ರೆ ಮಧ್ಯದ ಸ್ಕ್ರೂ ತೂತಿಂದ ಎರಡು ತುದಿಗೂ ಬೇರೆ ಬೇರೆ ಅಳೀರಿ, 30 ಮತ್ತೆ 30 ಇದ್ರೆ 60ರದ್ದು. ಪ್ಲೇಟಿಂದ ಹೊರಗೆ ಮೂರು ಎಂಎಂಗಿಂತ ಜಾಸ್ತಿ ಚಾಚಿಕೊಂಡ್ರೆ ಹಿಡಿದು ಮುರಿಯೋಕೆ ಕಳ್ಳನಿಗೆ ಸುಲಭ.

ಬಾಡಿಗೆ ಮನೆಗೆ ಹೊಸದಾಗಿ ಹೋದವರು ಲಾಕ್ ಪೂರ್ತಿ ಬದಲಾಯಿಸೋದೇನೂ ಬೇಡ, ಹಳೇ ಬಾಡಿಗೆದಾರರ ಹತ್ರ ಡೂಪ್ಲಿಕೇಟ್ ಇರ್ಬಹುದು ಅನ್ನೋ ಭಯಕ್ಕೆ ಸಿಲಿಂಡರ್ ಒಂದೇ ಬದಲಾಯಿಸಿದ್ರೆ ಸಾಕು. ಓನರ್‌ಗೆ ಒಂದು ಮಾತು ಹೇಳಿ, ಬಾಗಿಲ ಅಂಚಿನ ಪಟ್ಟಿಯಲ್ಲಿ ಸಿಲಿಂಡರ್ ನೇರಕ್ಕಿರೋ ಉದ್ದ ಸ್ಕ್ರೂ ಬಿಚ್ಚಿ, ಕೀ ಹಾಕಿ ಸ್ವಲ್ಪವೇ ತಿರುಗಿಸ್ತಾ ಎಳೆದ್ರೆ, ಕೀ ಒಂದು ಕೋನಕ್ಕೆ ಬಂದಾಗ ಸಿಲಿಂಡರ್ ಜಾರಿ ಹೊರಗೆ ಬರತ್ತೆ. ಕೀ ತಿರುಗಿಸದೆ ಎಳೆದ್ರೆ ಬರಲ್ಲ, ಮಧ್ಯದ ಹಲ್ಲು ಅಡ್ಡ ಬರತ್ತೆ. ಹಳೇದನ್ನ ಎತ್ತಿಟ್ಟು ಮನೆ ಖಾಲಿ ಮಾಡೋವಾಗ ಮತ್ತೆ ಹಾಕಿಕೊಡಿ.

ಕರಾವಳಿಯವರು ಮಿಂಚೋ ಕ್ರೋಮ್ ಲೇಪ ನೋಡಿ ಮರುಳಾಗ್ಬೇಡಿ, ಉಪ್ಪು ಗಾಳಿಗೆ ಅದು ಗುಳ್ಳೆ ಎದ್ದು ಸುಲಿಯತ್ತೆ. ಗಟ್ಟಿ ಹಿತ್ತಾಳೆ ಇಲ್ಲಾ ಸ್ಟೇನ್‌ಲೆಸ್ ಸ್ಟೀಲ್ ಅಂದ್ರೆ ಎಸ್‌ಎಸ್ 304, ಸಮುದ್ರದ ಪಕ್ಕದಲ್ಲೇ ಇದ್ರೆ 316. ಹಿತ್ತಾಳೆ ಕಪ್ಪಾಗತ್ತೆ ನಿಜ, ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಮತ್ತೆ ಬರತ್ತೆ, ಸುಲಿದ ಲೇಪ ಬರಲ್ಲ.

ಹಳೇ ಲಾಕ್ ಬಾಡಿ ಹೊರಗೆ ಬರ್ತಿಲ್ಲ ಅಂದ್ರೆ ಅಂಚಿನ ಪಟ್ಟಿ ಕೆಳಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟಬೇಡಿ, ಮರ ಚಕ್ಕೆ ಏಳತ್ತೆ. ಪಟ್ಟಿ ಸುತ್ತ ಪೇಂಟನ್ನ ಬ್ಲೇಡಲ್ಲಿ ಕೊಯ್ದು, ಹ್ಯಾಂಡಲ್ ತೂತಿಗೆ ಉದ್ದ ಸ್ಕ್ರೂಡ್ರೈವರ್ ತೂರಿಸಿ ಎರಡೂ ಕೈಯಲ್ಲಿ ಅಂಚಿನ ಕಡೆಗೆ ಎಳೀರಿ. ಹೊಸದು ಕೂರಿಸಿದ ಮೇಲೆ ಬಾಗಿಲು ತೆರೆದಿರೋವಾಗ್ಲೇ ಹ್ಯಾಂಡಲ್, ಕೀ ಎರಡನ್ನೂ ಚೆನ್ನಾಗಿ ಆಡಿಸಿ, ಎಲ್ಲಾ ಸರಿ ಅನ್ನಿಸಿದ ಮೇಲೆ ಮಾತ್ರ ಮುಚ್ಚಿ, ಅದೂ ಒಳಗೊಬ್ಬರು ಹೊರಗೊಬ್ಬರು ಇದ್ದು.

ಹಾಕಿರೋವಾಗ್ಲೇ ಕೈ ಕೊಟ್ರೆ

ಹ್ಯಾಂಡಲ್ ಸುಮ್ನೆ ತಿರುಗ್ತಿದೆ, ಬಾಗಿಲು ತೆಗೀತಿಲ್ಲ. ಗಾಬರಿ ಆಗಿ ಒದೆಯೋಕೆ ಹೋಗ್ಬೇಡಿ, ಚೌಕಟ್ಟು ಸೀಳಿದ್ರೆ ಖರ್ಚು ಎಲ್ಲಿಗೋ ಹೋಗತ್ತೆ. ನಿಮ್ಮ ಕಡೆ ಹ್ಯಾಂಡಲ್ ಬಿಚ್ಚಿ, ಸ್ಪಿಂಡಲ್ ಕಂಡ್ರೆ ಪಕ್ಕಡ್‌ನಲ್ಲಿ ಹಿಡಿದು ತಿರುಗಿಸಿ, ಸ್ಪಿಂಡಲ್ ಇಲ್ಲಾಂದ್ರೆ ಚೌಕ ತೂತಿಗೆ ಬಿಗಿಯಾಗೋ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿ, ಹೆಚ್ಚಿನ ಸಲ ಇಷ್ಟಕ್ಕೇ ತೆಗೆಯತ್ತೆ. ಕೀ ಬೋಲ್ಟ್ ಬಿದ್ದು ಕಚ್ಚಿಕೊಂಡಿದ್ರೆ ಒಬ್ಬರು ಬಾಗಿಲನ್ನ ಮೇಲಕ್ಕೆ ಎತ್ತಿ ಒತ್ತಿ ಹಿಡೀಲಿ, ಇನ್ನೊಬ್ಬರು ಕೀ ತಿರುಗಿಸ್ಲಿ, ಬೋಲ್ಟ್ ಮೇಲಿನ ಭಾರ ಕಮ್ಮಿ ಆದ್ರೆ ಬಿಟ್ಟುಕೊಳತ್ತೆ. ಕೀಗೆ ಬಲ ಹಾಕ್ಬೇಡಿ, ಒಳಗೆ ಮುರಿದ್ರೆ ಸಿಲಿಂಡರ್ ಡ್ರಿಲ್ ಮಾಡ್ಬೇಕಾಗತ್ತೆ, ಅದು ಬೀಗ ರಿಪೇರಿಯವರ ಕೆಲಸ. ಅವರನ್ನ ಕರೆಯೋವಾಗ ಲಾಕ್ ಯಾವ ನಮೂನೆ, ಕೀ ಎಷ್ಟು ಸುತ್ತು ತಿರುಗಿ ನಿಂತಿದೆ, ತೊಂದ್ರೆ ಇವತ್ತೇ ಬಂದಿದ್ದಾ ಕೆಲವು ದಿನದಿಂದ ಬಿಗಿ ಇತ್ತಾ, ಇಷ್ಟನ್ನ ಫೋನಲ್ಲೇ ಹೇಳಿ, ಸರಿಯಾದ ಸಾಮಾನು ಹಿಡ್ಕೊಂಡೇ ಬರ್ತಾರೆ.